ಕೋಡುಬಳೆ ಪರೀಕ್ಷೆ

ಭದ್ರಾವತಿ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಎಂಟು ತಿಂಗಳ ಮಗಳನ್ನು ತೊಡೆ ಮೇಲೆ ನೆಟ್ಟಗೆ ಕೂರಿಸಿಕೊಂಡು, ಬೆರಳುದ್ದ ಹೆಚ್ಚಿ ಮೆತ್ತಗೆ ಬೇಯಿಸಿದ ಕ್ಯಾರೆಟ್ ತುಂಡನ್ನು ಅವಳ ಕೈಗೆ ಕೊಟ್ಟೆ.

ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಹೌಹಾರಿದರು. "ಅಯ್ಯೋ ಮಾರಾಯ್ತಿ, ಮಗೂಗೆ ಹಲ್ಲೇ ಬಂದಿಲ್ಲ! ಗಂಟಲಿಗೆ ಸಿಕ್ಕಿಕೊಂಡ್ರೆ?" ಅಂದವರೇ ತಮ್ಮ ಚೀಲದಿಂದ ಕೋಡುಬಳೆ ತೆಗೆದು, "ಇದನ್ನ ಕಡೀಲಿ, ಹಲ್ಲು ಬೇಗ ಬರುತ್ತೆ" ಅಂತ ಮಗಳ ಬಾಯಿ ಹತ್ತಿರವೇ ತಂದರು.

ನಾನು ಕೈ ಅಡ್ಡ ಹಿಡಿದೆ. "ಅಜ್ಜಿ, ಎರಡು ಬೆರಳಲ್ಲಿ ಹಿಸುಕಿ ನೋಡಿ. ಮೆತ್ತಗಾದ್ರೆ ಕೊಡ್ತೀನಿ."

ಅವರೂ ಬಿಡಲಿಲ್ಲ, ಹಿಸುಕಿದರು. ಕೋಡುಬಳೆ ಲಟಕ್ಕನೆ ಮುರಿದು, ಚೂರೊಂದು ಅವರ ಕನ್ನಡಕಕ್ಕೇ ಬಡಿಯಿತು. ಅಜ್ಜಿಯ ಕೈಗೆ ಇನ್ನೊಂದು ಕ್ಯಾರೆಟ್ ತುಂಡು ಕೊಟ್ಟೆ. ಅದು ಬೆರಳಲ್ಲೇ ಬೆಣ್ಣೆಯ ಹಾಗೆ ಆಯಿತು. ಬೆರಳು ನೆಕ್ಕಿ, "ಉಪ್ಪೇ ಹಾಕಿಲ್ವಲ್ಲ!" ಅಂದರು.

"ವರ್ಷ ತುಂಬೋವರೆಗೂ ಹಾಕಲ್ಲ" ಅಂದೆ.

ಮುರಿದ ಕೋಡುಬಳೆಯನ್ನು ನಾನೇ ತಿಂದೆ. ಬಹಳ ರುಚಿಯಾಗಿತ್ತು. ಅದನ್ನು ಮಾತ್ರ ಅವರಿಗೆ ಹೇಳಲಿಲ್ಲ.