ಕಬ್ಬಿನ ಕೈಗೆ ಸಿಕ್ಕ ದೇವಕಣಗಿಲೆ

ಕಬ್ಬು ನೆಟ್ಟು ಪಳಗಿದವರ ಕೈಗೆ ದೇವಕಣಗಿಲೆ ಕೊಂಬೆ ಕೊಡಬೇಡಿ. ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯ ತಾರಸಿಯ ಮೇಲೇ ನೋಡಿದ್ದೇನೆ.

ನನ್ನ ಹೆಂಡತಿ ವಸುಧಾ ಹೊನ್ನಾವರದ ಕಡೆಯವಳು. ಮೈಸೂರಿನಲ್ಲಿ ಎಂ.ಎ. ಓದುವಾಗ ಪರಿಚಯ, ಆಮೇಲೆ ಮದುವೆ, ಆಮೇಲೆ ಪಾಂಡವಪುರ. ಇಲ್ಲಿ ಸಮುದ್ರವಿಲ್ಲ. (ಕೆಆರ್‌ಎಸ್ ಹಿನ್ನೀರು ತೋರಿಸಿ, 'ಸಮುದ್ರದ ಥರಾನೇ ಇದೆ ನೋಡು' ಅಂತ ಒಮ್ಮೆ ಹೇಳಿ ಬೈಸಿಕೊಂಡಿದ್ದೇನೆ.) ಹಾಗಾಗಿ ಅವಳು ತಾರಸಿಯ ಮೇಲೆ ಕರಾವಳಿ ಬೆಳೆಸತೊಡಗಿದಳು. ಮಂಗಳೂರು ಮಲ್ಲಿಗೆ, ಸುಗಂಧಿ, ಪಾರಿಜಾತ, ಎಲ್ಲವೂ ಕುಂಡದಲ್ಲಿವೆ. ಸಂಜೆ ಮೆಟ್ಟಿಲು ಹತ್ತಿದರೆ ಸಾಕು, ಬೇರೆ ಊರಿಗೇ ಬಂದಂತಾಗುತ್ತದೆ.

ಇಲ್ಲದಿದ್ದದ್ದು ಒಂದೇ, ಅವಳ ತವರಿನ ಅಂಗಳದ ದೇವಕಣಗಿಲೆ. (ಅವಳ ಬಾಯಲ್ಲಿ ಅದು ಗೋಸಂಪಿಗೆ.) ಕಳೆದ ವರ್ಷ ರಸ್ತೆ ಅಗಲ ಮಾಡುವಾಗ ಆ ಮರ ಹೋಯಿತು. ಕಡಿಯುವ ಮುಂಚೆ ಅವಳ ತಮ್ಮ ಒಂದು ಕೊಂಬೆ ಕತ್ತರಿಸಿ, ಗೋಣಿತಾಟಿನಲ್ಲಿ ಸುತ್ತಿ ಬಸ್ಸಿಗೆ ಹಾಕಿ ಕಳಿಸಿದ. ಆ ಅಂಗಳದ್ದು ಅಂತ ಉಳಿದದ್ದು ಅದೊಂದೇ.

"ಕೆಂಪು ಹೂವಿನದಲ್ವಾ?" ಎಂದೆ.

"ಬಿಳಿ" ಎಂದಳು.

ಬಿಳಿಯೇ? ನಾನು ಮೊದಲ ಸಲ ಅವರ ಮನೆಗೆ ಹೋದಾಗ ಆ ಮರದ ಕೆಳಗೇ ಕುರ್ಚಿ ಹಾಕಿ ಕೂರಿಸಿದ್ದರು. ನನ್ನ ಹೊಸ ಅಂಗಿಯ ಮೇಲೆ ಕೆಂಪು ಹೂವೊಂದು ಬಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಕಣ್ಣಿಗೆ ಕಟ್ಟಿದ್ದೆಲ್ಲ ನಡೆದದ್ದೇ? ಎಲ್ಲವನ್ನೂ ಅನುಮಾನಿಸು ಎಂದು ಯೂನಿವರ್ಸಿಟಿಯಲ್ಲಿ ಕಲಿಸಿದರು. ನಿನ್ನ ತಲೆಯನ್ನೂ ಸೇರಿಸಿಕೋ ಎಂದು ಯಾರೂ ಹೇಳಲಿಲ್ಲ. ಇರಲಿ, ಹೂ ಬಿಟ್ಟಾಗ ಗೊತ್ತಾಗುತ್ತದೆ ಎಂದುಕೊಂಡೆ.

ಮರುದಿನ ಪಾಲಹಳ್ಳಿಯಿಂದ ನಮ್ಮಣ್ಣ ಜವರಣ್ಣ ಬಂದ. ವಸುಧಾ ಪಾಠ ಮಾಡಲು ಸ್ಕೂಲಿಗೆ ಹೋಗಿದ್ದಳು. ಅಣ್ಣ ಜೀವಮಾನವಿಡೀ ಕಬ್ಬು ಬೆಳೆದವನು. ಕೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇಷ್ಟುದ್ದದ್ದ ಇಡಿಯಾಗೇ ನೆಡ್ತೀಯೇನ್ಲಾ? ಓದ್ಬುಟ್ಟು ಕೆಟ್ಟೋದೆ ಕಣ್ಲಾ ನೀನು. ಇಲ್ನೋಡು, ಕಣ್ಣು ಎಷ್ಟವೆ! ತುಂಡು ಮಾಡುದ್ರೆ ಸಾಲುಗಟ್ಲೆ ಗಿಡ ಆಯ್ತವೆ."

ಎಲೆ ಉದುರಿದ ಗುರುತುಗಳು ಅವನಿಗೆ ಕಬ್ಬಿನ ಕಣ್ಣಾಗಿ ಕಂಡಿದ್ದವು. ಮಚ್ಚು ತಗೊಂಡ. ಬಿತ್ತನೆ ಕಬ್ಬು ಕತ್ತರಿಸುವ ಹಾಗೆ ಕಚಕಚ ಕತ್ತರಿಸಿದ. ಬಿಳಿ ಹಾಲು ಸೋರಿತು. ತುದಿಯನ್ನು, "ಸೋಗೆ ಯಾಕ್ ಬೇಕು?" ಎಂದು ತಾರಸಿ ಗೋಡೆಯ ಮೇಲೆ ಎಸೆದ. ಉಳಿದ ತುಂಡುಗಳನ್ನು ತೊಟ್ಟಿಯ ಮಣ್ಣಿನಲ್ಲಿ ಅಡ್ಡಡ್ಡ ಮಲಗಿಸಿ, ಮುಚ್ಚಿ, ನೀರು ಕಟ್ಟಿದ. ಕಾಲುವೆ ಬಯಲಿನವರು ನಾವು. ಪ್ರೀತಿ ಬಂದರೆ ನೀರು ಬಿಡುತ್ತೇವೆ.

ನಾನು ತಡೆಯಲಿಲ್ಲವೇ? "ನೀನೇ ಊಂ ಅಂದ್ಯಲ್ಲೋ" ಎನ್ನುತ್ತಾನೆ ಅಣ್ಣ. ನನಗೆ ನೆನಪಿಲ್ಲ. ಬಕೆಟ್ ಹಿಡಿದುಕೊಂಡು ನಿಂತಿದ್ದದ್ದು ಮಾತ್ರ ನೆನಪಿದೆ.

ಸಂಜೆ ವಸುಧಾ ಬಂದಳು. ಕೂಗಾಡಲಿಲ್ಲ. ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಪೂರ್ತಿ ಕತ್ತರಿಸಿದ್ರಾ?" ಎಂದಷ್ಟೇ ಕೇಳಿದಳು. ತುಂಡುಗಳನ್ನು ಎತ್ತಿ ಒಣಗಿಸಿ ನೋಡಿದಳು. ಒಂದೊಂದಾಗಿ ಮೆತ್ತಗಾಗಿ ಕೊಳೆತವು. ಆಮೇಲೆ ಅವಳು ತಾರಸಿ ಹತ್ತುವುದನ್ನೇ ಬಿಟ್ಟಳು. ಮಲ್ಲಿಗೆ ಕೊಯ್ಯುವವರಿಲ್ಲದೆ ಉದುರಿತು. ನಾನು ಕೊಯ್ದು ತಂದು ಕೊಟ್ಟರೆ, "ದೇವರಿಗಿಡಿ" ಎನ್ನುತ್ತಿದ್ದಳು.

ಒಂದು ಭಾನುವಾರ ಬಟ್ಟೆ ಒಣಹಾಕಲು ಹೋದವಳು ಮೇಲಿಂದಲೇ ಕೂಗಿದಳು, "ಇಲ್ಲಿ ಬನ್ನಿ!" ಗೋಡೆಯ ಮೇಲೆ ಅಣ್ಣ ಎಸೆದಿದ್ದ ತುದಿ ಬಿಸಿಲಲ್ಲಿ ಬಿದ್ದುಕೊಂಡೇ ಇತ್ತು. ಕತ್ತರಿಸಿದ ಜಾಗ ಒಣಗಿ ಗಾಯ ಮಾಯ್ದಂತೆ ಮುಚ್ಚಿಕೊಂಡಿತ್ತು. ಮೇಲ್ಗಡೆ ಚಿಗುರಿನ ಹಸಿರು ಮೂಗು! ಯಾರೂ ಉಪಚಾರ ಮಾಡದ್ದರಿಂದಲೇ ಬದುಕಿತ್ತು. ಅದನ್ನು ಅವಳೇ ಕುಂಡಕ್ಕೆ ಹಾಕಿದಳು. ನನ್ನನ್ನು ಹತ್ತಿರ ಸೇರಿಸಲಿಲ್ಲ. "ನಾನು ಹೇಳೋ ತನಕ ಒಂದು ಲೋಟ ನೀರು ಬಿದ್ರೂ ನೋಡಿ ಮತ್ತೆ" ಎಂದಳು. ಚಳಿಗಾಲವೆಲ್ಲ ಆ ಬೋಳು ಕಡ್ಡಿಯ ಮುಂದೆ ಕೈಕಟ್ಟಿ ನಿಂತೆ. ಏನೂ ಮಾಡದೆ ಇರುವುದು ಎಷ್ಟು ಕಷ್ಟ ಅಂತೀರಿ?

ಈ ಬೇಸಿಗೆಯಲ್ಲಿ ಹೂ ಬಿಟ್ಟಿತು. ಅಚ್ಚ ಬಿಳಿ, ಒಡಲಲ್ಲಿ ಹಳದಿ. ಪರಿಮಳಕ್ಕೆ ಪಕ್ಕದ ಮನೆಯವರೂ ಕತ್ತು ಎತ್ತಿ ನೋಡಿದರು.

"ಹಾಗಾದ್ರೆ ಅವತ್ತು ನನ್ನ ಅಂಗಿ ಮೇಲೆ ಕೆಂಪಗೆ ಬಿದ್ದದ್ದೇನು?"

"ಅದು ಹೂವಲ್ಲ ಮಾರಾಯ್ರೆ, ನಮ್ಮಜ್ಜ ಜಗಲಿಯಿಂದ ಉಗಿದ ಕವಳ!"

ಇಷ್ಟು ವರ್ಷ ಎಲೆಯಡಿಕೆ ಕಲೆಯನ್ನು ಪ್ರೇಮದ ಗುರುತು ಎಂದು ಕಾಪಾಡಿಕೊಂಡು ಬಂದಿದ್ದೇನೆ. ಹೋಗಲಿ ಬಿಡಿ.

ಅಣ್ಣನನ್ನು ಮಾತ್ರ ನಾನು ದೂರುವುದಿಲ್ಲ. ಗೊತ್ತಿರುವ ಒಂದೇ ವಿದ್ಯೆಯಿಂದ ಲೋಕವನ್ನೆಲ್ಲ ನೆಡಲು ಹೊರಡುವುದು ಎಲ್ಲರ ಚಾಳಿ. ನನಗೆ ಪಾಠ ಹೇಳುವುದೊಂದೇ ಬರುತ್ತದೆ, ತರಕಾರಿ ಅಂಗಡಿಯಲ್ಲೂ ಹೇಳುತ್ತೇನೆ. ಮೆಷಿನ್ ರಿಪೇರಿ ಬಲ್ಲವನು ಮಕ್ಕಳನ್ನೂ ಬಿಚ್ಚಿ ಜೋಡಿಸಲು ನೋಡುತ್ತಾನೆ. ಎದುರಿಗಿರುವುದು ಏನು, ಅದಕ್ಕೆ ಬೇಕಾದದ್ದೇನು ಅಂತ ಕೇಳುವ ಪುರುಸೊತ್ತು ಯಾರಿಗಿದೆ?

ಮೊನ್ನೆ ಅಣ್ಣ ಬಂದಿದ್ದ. ಹೂ ನೋಡಿ ಹಿರಿಹಿರಿ ಹಿಗ್ಗಿದ.

"ಅಂತೂ ನಮ್ ಮಣ್ಣಿಗೆ ಒಗ್ಗೋಗ್ಬುಡ್ತು ನೋಡವ್ವ ವಸುಧಾ, ನಿನ್ನಂಗೇಯ!"

ವಸುಧಾ ಕಾಫಿ ಲೋಟ ಅವನ ಕೈಗಿಟ್ಟು ನಕ್ಕಳು. "ಒಗ್ಗಿದ್ದೆಲ್ಲಿ ಭಾವ? ಆ ಕುಂಡದಲ್ಲಿರೋದು ಬರೀ ಮರಳು, ಇಟ್ಟಿಗೆ ಚೂರು. ನಿಮ್ಮ ಮಣ್ಣು ಒಂದು ಹಿಡಿಯೂ ಇಲ್ಲ."

ಅಣ್ಣ ಜೋರಾಗಿ ನಕ್ಕ. ನಾನೂ ನಕ್ಕೆ, ಸ್ವಲ್ಪ ತಡವಾಗಿ.

'ನಮ್ಮೂರಿಗೆ ಚೆನ್ನಾಗಿ ಒಗ್ಗಿಕೊಂಡಿದ್ದಾಳೆ' ಎಂದು ಇಷ್ಟು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆನಲ್ಲ, ಹಾಗಂತ ನನಗೆ ಹೇಳಿದವರು ಯಾರು?