ಭಾಂಡುಪಿನ ಮನೆಗೆ ಬಂದ ಸಾಹೇಬರ ಏಸಿ

ಸಾಹೇಬರ ಕೋಣೆಗೆ ಹೊಸ ಏಸಿ ಬಂತು, ಹಳೆಯದು ನಮ್ಮ ಮನೆಗೆ ಬಂತು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಮುಂಬಯಿಯ ಫೋರ್ಟಿನ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಅಪ್ಪ, ಭಾಂಡುಪಿನ ನಮ್ಮ ಬಿಲ್ಡಿಂಗಿನ ಮುಂದೆ ಆ ಯಂತ್ರದ ಜೊತೆ ಟೆಂಪೋದಿಂದ ಇಳಿದಾಗ ಅವರ ಗತ್ತು ನೋಡಬೇಕಿತ್ತು. ಹದಿನಾರರ ನಾನಂತೂ ಚಪ್ಪಲಿ ಮರೆತು ಮೆಟ್ಟಿಲು ಹಾರಿಕೊಂಡು ಓಡಿದ್ದೆ. ಇಡೀ ಬಿಲ್ಡಿಂಗಿಗೇ ಮೊದಲನೇ ಏಸಿ!

ಅದು ಬರೀ ಜಂಭದ ವಸ್ತುವಾಗಿರಲಿಲ್ಲ. ಅಕ್ಕ ಬೆಂಗಳೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಮೇ ತಿಂಗಳ ಸೆಕೆಗೆ ಬೆವರಿ ಬಸವಳಿದು, ಊಟ ನಿದ್ದೆ ಎರಡೂ ಬಿಟ್ಟಿದ್ದಳು. ಅವಳ ಅತ್ತೆ ದಾದರಿನ ಒಂದು ಮದುವೆಗೆ ಬರುವವರಿದ್ದರು. ಬಂದಾಗ ಸೊಸೆಯನ್ನು ನೋಡುತ್ತೇನೆ, ಸೆಕೆಯಲ್ಲಿ ನರಳುತ್ತಿದ್ದರೆ ಜೊತೆಗೇ ಕರೆದುಕೊಂಡು ಹೋಗುತ್ತೇನೆ, ಹೆರಿಗೆ ಬೆಂಗಳೂರಿನಲ್ಲೇ ಆಗಲಿ ಎಂದು ಹೇಳಿ ಕಳಿಸಿದ್ದರು. ಅವ್ವ ಅದನ್ನು ಕೇಳಿದ ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅವ್ವನ ಚೊಚ್ಚಲ ಹೆರಿಗೆಗೆ ಕರೆಯಲು ಅವಳ ತಾಯಿಯೇ ಇರಲಿಲ್ಲ. ತನಗೆ ಸಿಗದ ತವರನ್ನು ಮಗಳಿಗಾದರೂ ಕೊಡಬೇಕೆಂಬ ಹಟ ಅವಳದು.

ಕಿಟಕಿಗೆ ಏಸಿ ಕೂರಿಸಿ, ಅಪ್ಪ ದೇವರಿಗೆ ಕೈಮುಗಿದು ಗುಂಡಿ ತಿರುಗಿಸಿದರು. ಬಲ್ಬು ಒಮ್ಮೆ ಮಂಕಾಗಿ ಮತ್ತೆ ಬೆಳಗಿತು. ಯಂತ್ರ ಗುರ್ ಎಂದಿತು. ನಾವು ಚಪ್ಪಾಳೆ ತಟ್ಟಿದೆವು. ಬಿಲ್ಡಿಂಗಿನ ಅರ್ಧ ಜನ ನಮ್ಮ ಮನೆಯೊಳಗೆ, ಇನ್ನರ್ಧ ಜನ ಹೊಸ್ತಿಲಿನಾಚೆ. ಅವ್ವ ಎಲ್ಲರಿಗೂ ಶರಬತ್ತು ಕೊಟ್ಟಳು. ಆದರೆ ಯಂತ್ರದ ಮುಂದೆ ನಿಂತವರಿಗೆ ಮಾತ್ರ ತಂಪು, ಹಿಂದೆ ಮಂಚದ ಮೇಲಿದ್ದ ಅಕ್ಕನಿಗೆ ಅದೇ ಬೆವರು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ರಾತ್ರಿಯಾದರೆ ಕರೆಂಟ್ ಬಿಲ್ಲಿಗೆ ಹೆದರಿ ಅಪ್ಪ ಅದನ್ನು ಆರಿಸಿಬಿಡುತ್ತಿದ್ದರು.

ಅಪ್ಪ ಅದನ್ನು ಕುರ್ಲಾದ ಮೆಕ್ಯಾನಿಕ್ ಬಳಿಗೆ ಹೊತ್ತೊಯ್ದರು, ಹಟಮಾಡಿ ನಾನೂ ಹೋದೆ. ಅವನು ಒಳಗಿನ ಧೂಳು ತೆಗೆದು, ಗ್ಯಾಸ್ ತುಂಬಿಸಿ, ಗೂಡಿನಂಥ ತನ್ನ ಅಂಗಡಿಯ ಬಾಗಿಲೆಳೆದುಕೊಂಡು ನಡೆಸಿ ತೋರಿಸಿದ. "ಏಕ್‌ದಮ್ ಫಸ್ಟ್ ಕ್ಲಾಸ್ ಹೈ ಸಾಬ್" ಎಂದ. ನಿಜ, ನನ್ನ ಮೈ ಜುಮ್ಮೆಂದಿತು. ಮನೆಗೆ ತಂದರೆ ಮತ್ತದೇ ಹಾಡು!

"ದಾರ್ಯಾಗ ಕುಲುಕಿ ಏನೋ ಸಡ್ಲ ಆಗೇದ. ಇನ್ನೊಮ್ಮೆ ರಿಪೇರಿ ಮಾಡಸ್ತೀನಿ" ಎಂದರು ಅಪ್ಪ.

"ಸತ್ತ ಎಮ್ಮಿಗೆ ಎಷ್ಟ್ ಸಲ ಔಷಧ ಹಾಕ್ತೀರಿ? ಅದನ್ನ ಕೊಟ್ಟು ಒಂದು ಹೊಸಾ ಕೂಲರ್ ತರ್ರಿ" ಎಂದಳು ಅವ್ವ.

"ಸಾಹೇಬರು ಕೊಟ್ಟಿದ್ದನ್ನ ಗುಜರಿಗೆ ಹಾಕಂತೀಯೇನ?"

"ನನಗ ನಿಮ್ಮ ಸಾಹೇಬರಕಿಂತ ನನ್ನ ಮಗಳು ಹೆಚ್ಚು."

ಅಪ್ಪ ಹೋಗಿ ಗುಜರಿಯವನಿಗೆ ಹೇಳಿ ಬಂದರು. ಅವನು ಭಾನುವಾರ ಸಂಜೆ ಬರುವುದೆಂದು ನಿಶ್ಚಯವಾಯಿತು. ಆದರೆ ಅತ್ತೆಯವರು ಅದೇ ಭಾನುವಾರ ಮಧ್ಯಾಹ್ನವೇ ಬಂದುಬಿಟ್ಟರು.

ಬಂದವರು ಸೊಸೆಯ ಬಾಡಿದ ಮುಖ ನೋಡಿದರು. ಅಪ್ಪ ಮರ್ಯಾದೆಗೆಂದು ಏಸಿ ಹಾಕಿದರು. ಬಾಗಿಲಲ್ಲಿ ಆಗಲೇ ನೆರೆಯವರ ತಲೆಗಳು ಇಣುಕುತ್ತಿದ್ದವು. ಅತ್ತೆಯವರಿಗೆ ಅದು ಹಿಡಿಸಲಿಲ್ಲ. "ಮನೆ ಮಾತು ಬೀದೀಲಿ ಆಡೋದು ಬೇಡ" ಎನ್ನುತ್ತ ಎದ್ದು ಹೋಗಿ, ನೆಟ್ಟಗೆ ಬಾಗಿಲು ಹಾಕಿ ಅಗುಳಿ ಜಡಿದರು.

ನಮ್ಮ ಬಿಲ್ಡಿಂಗಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಹಾಕಿದರೆ ಒಳಗೆ ಸಾವಾಗಿರಬೇಕು, ಇಲ್ಲವೇ ಜಗಳ. "ಹಾಡಹಗಲ ಬಾಗಲಾ ಹಾಕಿದ್ರ ಮಂದಿ ಏನಂತಾರ?" ಎಂಬುದು ಅವ್ವನ ವೇದವಾಕ್ಯ. ಬೀಗಿತ್ತಿ ಹಾಕಿದ್ದನ್ನು ತೆಗೆಯುವಂತಿಲ್ಲ, ಅವಳು ಚಡಪಡಿಸಿದಳು.

ಮಾತು ಶುರುವಾಯಿತು. ಅತ್ತೆಯವರು ಕರೆದುಕೊಂಡು ಹೋಗುತ್ತೇನೆ ಎನ್ನುವುದು, ಅವ್ವ ಇಲ್ಲೇ ಇರಲಿ ಎನ್ನುವುದು. ಇಬ್ಬರೂ ಸೋಲುವವರಲ್ಲ. ಅಕ್ಕ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಅವ್ವನ ದನಿ ಒಡೆಯತೊಡಗಿತು. ಅಷ್ಟರಲ್ಲಿ ಅತ್ತೆಯವರು ಸೆರಗನ್ನು ಹೆಗಲ ತುಂಬ ಹೊದ್ದುಕೊಂಡರು. ಸ್ವಲ್ಪ ಹೊತ್ತಿಗೆ ಕಾಲನ್ನೂ ಸೀರೆಯೊಳಗೆ ಎಳೆದುಕೊಂಡರು.

"ಏನ್ರೀ ಇದು, ಇಷ್ಟೊಂದು ಚಳಿ! ಒಂದು ಶಾಲಿದ್ರೆ ಕೊಡಿ."

ಅವ್ವ ಎದ್ದು ಶಾಲು ತಂದುಕೊಟ್ಟಳು. ಅಪ್ಪ ಏಸಿಯನ್ನು ನೋಡಿದರು, ಆಮೇಲೆ ಬಾಗಿಲನ್ನು ನೋಡಿದರು. ನಾನು ಅಕ್ಕನ ಹಣೆ ಮುಟ್ಟಿದೆ. ಒಂದು ಹನಿ ಬೆವರಿಲ್ಲ! ಮುಚ್ಚಿದ್ದ ಕಣ್ಣು ಮುಚ್ಚಿಯೇ ಇತ್ತು, ಅವಳು ನಿದ್ದೆ ಹೋಗಿದ್ದಳು. ನಾನು ಖುಷಿಗೆ ಕಿರುಚಲು ಹೋಗಿ ಬಾಯಿ ಮುಚ್ಚಿಕೊಂಡೆ. ರಿಪೇರಿಯೂ ಬೇಕಿರಲಿಲ್ಲ, ಕೂಲರೂ ಬೇಕಿರಲಿಲ್ಲ. ಮಂದಿಗೆ ಹೆದರಿ ಬಾಗಿಲು ತೆರೆದಿಟ್ಟು ನಾವು ಇಡೀ ಭಾಂಡುಪನ್ನು ತಂಪು ಮಾಡಲು ಹೊರಟಿದ್ದೆವು.

ಅತ್ತೆಯವರು ಶಾಲಿನೊಳಗಿನಿಂದ ಮಲಗಿದ ಸೊಸೆಯನ್ನೇ ನೋಡುತ್ತಿದ್ದರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ಹೆರಿಗೆ ಆಗೋ ಹೊತ್ತಿಗೆ ನಮ್ಮಲ್ಲಿ ಆಷಾಢದ ಗಾಳಿ, ಹೀಗೇ ಕೊರೆಯುತ್ತೆ. ಬಾಣಂತಿಗೆ ಥಂಡಿ ಆಗಬಾರದು. ನಿಮ್ಮ ಸೆಕೆನೇ ವಾಸಿ ಬೀಗ್ರೇ, ಇಲ್ಲೇ ಇರಲಿ. ಮಗು ಹುಟ್ಟಿದ ದಿನದಿಂದ ಮಾತ್ರ ಈ ಭೂತಾನ ಆರಿಸಿಬಿಡಿ."

ಅವ್ವ ಅವರ ಎರಡೂ ಕೈ ಹಿಡಿದುಕೊಂಡು ಅತ್ತಳು. ನನಗೂ ಅಳು ಬಂತು, ನಗುವೂ ಬಂತು.

ಆಗಲೇ ಯಾರೋ ಬಾಗಿಲನ್ನು ದಬದಬ ಬಡಿಯತೊಡಗಿದರು. ಏನೋ ಅನಾಹುತವಾಗಿದೆ ಎಂದು ಬಿಲ್ಡಿಂಗಿಗೆ ಬಿಲ್ಡಿಂಗೇ ಸೇರಿತ್ತು, ಅವರ ನಡುವೆ ಗುಜರಿಯವನೂ ಇದ್ದ. ಅವ್ವ ಕಣ್ಣೊರೆಸಿಕೊಂಡು ಹೋಗಿ ಅಗುಳಿ ತೆಗೆದಳು. ಏನಾಯಿತು ಏನಾಯಿತು ಎನ್ನುತ್ತಿದ್ದವರಿಗೆ, ಜನ್ಮದಲ್ಲೇ ಮೊದಲ ಬಾರಿ, ಅವಳು ಹೇಳಿದಳು:

"ನನ್ನ ಮಗಳು ಮಲಗ್ಯಾಳ. ಬಾಗಲಾ ಹಾಕ್ತೀನಿ, ನಾಳಿಗಿ ಬರ್ರಿ."