ಲಂಗರಿನಲ್ಲಿ ಉಂಡವರ ರೇಷನ್ ಕಾರ್ಡ್

“ಇಪ್ಪತ್ತು ವರ್ಷ ಇವರು ಊಟವನ್ನೇ ಮಾಡಿಲ್ಲವೇ?”

ಕಳೆದ ಮಂಗಳವಾರ ರೇಷನಿಂಗ್ ಆಫೀಸೊಂದರ ಕ್ಲಾರ್ಕ್ ಮರಾಠಿಯಲ್ಲಿ ಕೇಳಿದ ಪ್ರಶ್ನೆ ಇದು. ಕೇಳಿದ್ದು ನನ್ನನ್ನು, ನನ್ನ ಪಕ್ಕದಲ್ಲಿ ಅಟೆನ್ಷನ್‌ನಲ್ಲಿ ನಿಂತಿದ್ದ ಮೌಲಾಸಾಬರ ಬಗ್ಗೆ.

ಮೌಲಾಸಾಬರು ವಿಜಾಪುರದ ಕಡೆಯವರು. ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದು, ಎಪ್ಪತ್ತೊಂದರ ಡಿಸೆಂಬರಿನ ಯುದ್ಧವನ್ನೂ ಮುಗಿಸಿ ರಿಟೈರಾದವರು. ಹೆಂಡತಿ ಖತೀಜಾಬಿ ನಮ್ಮ ಬಿಲ್ಡಿಂಗಿನ ಹಿಂದಿನ ಚಾಳಿನಲ್ಲಿದ್ದು, ಹತ್ತು ವರ್ಷದಿಂದ ನನ್ನ ಬ್ಲೌಸ್ ಹೊಲಿಯುತ್ತಾಳೆ. (ನಾನು ದಪ್ಪಗಾದದ್ದು ನನಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ.) ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಮೌಲಾಸಾಬರಿಗೆ ಗೇಟು ಕಾಯುವ ಕೆಲಸ ಸಿಕ್ಕಿದೆ. ಒಂದೇ ಷರತ್ತು: ಶನಿವಾರದೊಳಗೆ ರೇಷನ್ ಕಾರ್ಡಿನಲ್ಲಿ ಹೆಸರು ತೋರಿಸಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಮರಾಠಿಯಲ್ಲಿ ಮಾತಾಡಲೆಂದು ಖತೀಜಾಬಿ ನನ್ನನ್ನು ಜೊತೆಗೆ ಕಳಿಸಿದ್ದಳು.

ಕಾರ್ಡಿನಲ್ಲಿ ಖತೀಜಾಬಿ ಇದ್ದಾಳೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಯಜಮಾನರಿಲ್ಲ. ಹೇಗಿರುತ್ತಾರೆ? ಅವರು ಇಷ್ಟು ವರ್ಷ ಉಂಡದ್ದು ಪಲ್ಟನ್ನಿನ ಲಂಗರಿನಲ್ಲಿ, ಅಂದರೆ ಸಿಪಾಯಿಗಳ ಅಡುಗೆಮನೆಯಲ್ಲಿ. ಹೆಸರು ಸೇರಿಸಬೇಕಾದರೆ ಹಳೆಯ ಕಾರ್ಡಿನಿಂದ ತೆಗೆಸಿದ ಚೀಟಿ ತರಬೇಕಂತೆ. ಲಂಗರಿನಲ್ಲಿ ಅನ್ನ, ದಾಲು ಬಡಿಸುತ್ತಾರೆ. ಚೀಟಿ ಯಾರು ಕೊಡುತ್ತಾರೆ?

ಮೌಲಾಸಾಬರು ಡಿಸ್ಚಾರ್ಜ್ ಪುಸ್ತಕ ಮುಂದಿಟ್ಟರು. ಕ್ಲಾರ್ಕ್ ಪುಟ ತಿರುವಿದ. ಲಡಾಖ್, ಜಮ್ಮು, ಅಗರ್ತಲಾ. ಆಮೇಲೆ ಮೊದಲ ಪುಟಕ್ಕೆ ಬಂದು ಹೆಸರು ಓದಿದ. ದನಿ ತಗ್ಗಿಸಿ, ಇವರು ಇಲ್ಲಿಯವರೇ, ಗಡಿಯ ಆ ಕಡೆಯಿಂದ ಬಂದವರಲ್ಲ ಎನ್ನುವುದಕ್ಕೆ ಪ್ರೂಫ್ ಏನಿದೆ ಎಂದ. ಕೆಟ್ಟ ಮನುಷ್ಯನಲ್ಲ. ನನಗೆ ತನ್ನ ಸ್ಟೂಲನ್ನೇ ಬಿಟ್ಟುಕೊಟ್ಟವನು.

ಮೌಲಾಸಾಬರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಗಡಿ ಮ್ಯಾಲೆ ನಿಂತಾಗ ನಾ ಯಾ ಕಡಿಯವ ಅಂತ ಆ ಕಡಿಯವ್ರಿಗೆ ಛಲೋ ಗೊತ್ತಿತ್ರಿ ಬಾಯಾರ.”

ಇದನ್ನು ನಾನು ಮರಾಠಿಗೆ ತಿರುಗಿಸಿ ಹೇಳಲಿಲ್ಲ. (ಹೇಳಬೇಕಿತ್ತು.) ಕೆಲಸ ಆಗಬೇಕಲ್ಲ? ಏನು ಮಾಡಿದರೆ ಆಗುತ್ತದೆ ಎಂದು ಕೇಳಿದೆ. ಯಾರಾದರೂ ರೆಸ್ಪೆಕ್ಟಬಲ್ ವ್ಯಕ್ತಿ ಬರೆದುಕೊಡಲಿ, ಬೇಕಾದರೆ ಮೇಡಂ, ನೀವೇ ಕೊಡಿ ಎಂದ.

ಕೊಟ್ಟೆ. ಸಿಸ್ಟರ್‌ಗಳು ತಿದ್ದಿದ ಕಾನ್ವೆಂಟ್ ಅಕ್ಷರದಲ್ಲಿ, ಇವರನ್ನು ಹತ್ತು ವರ್ಷದಿಂದ ಪರ್ಸನಲ್ ಆಗಿ ಬಲ್ಲೆ, ಇವರು ಹುಟ್ಟು ಭಾರತೀಯರು ಎಂದು ಇಂಗ್ಲಿಷಿನಲ್ಲಿ ಬರೆದೆ. ನಿಜ ಹೇಳಬೇಕೆಂದರೆ, ರಜೆಯಲ್ಲಿ ಬಂದಾಗ ನಾಲ್ಕು ಸಲ ನೋಡಿದ್ದೆ, ಅಷ್ಟೆ. ಕೆಳಗೆ ಮಿಸೆಸ್ ರಾವ್, ರಿಟೈರ್ಡ್ ಹೆಡ್‌ಮಿಸ್ಟ್ರೆಸ್ ಎಂದು ಸಹಿ. ಕ್ಲಾರ್ಕ್ ಥ್ಯಾಂಕ್ ಯೂ ಹೇಳಿ ಠಸ್ಸೆ ಒತ್ತಿದ. ನನ್ನ ಪ್ರೂಫ್ ಕೇಳಲಿಲ್ಲ.

ವಾಪಸಾಗುವಾಗ ಬಸ್‌ಸ್ಟಾಪಿನಲ್ಲಿ ಮೌಲಾಸಾಬರು, ನಿಮ್ಮ ಊರು ಯಾವುದೆಂದು ಕೇಳಿದರು.

“ಹುಟ್ಟಿದ್ದು ರಂಗೂನಿನಲ್ಲಿ,” ಎಂದೆ.

ಅಪ್ಪನಿಗೆ ಅಲ್ಲಿ ರೈಲ್ವೆ ಕೆಲಸ. ನನ್ನ ಕಾನ್ವೆಂಟೂ ಅಲ್ಲೇ, ಮದುವೆಯೂ ಅಲ್ಲೇ. ಈಗಲೂ ಕೆಲವು ಬೆಳಗ್ಗೆ ಅಲ್ಲಿಯ ಚಾಪೆಲ್ಲಿನ ಗಂಟೆ ಕೇಳಿದಂತಾಗಿ ಏಳುತ್ತೇನೆ. ಜಪಾನಿನವರ ಬಾಂಬು ಬಿದ್ದಾಗ ಉಟ್ಟ ಸೀರೆಯಲ್ಲೇ ಹಡಗು ಹತ್ತಿದೆವು. ಬರ್ತ್ ಸರ್ಟಿಫಿಕೇಟ್ ಆ ಮನೆಯ ಬೀರುವಿನಲ್ಲೇ ಉಳಿಯಿತು. ಅದಿಲ್ಲದೆ ನನಗೆ ಇಲ್ಲಿ ಏನು ತಪ್ಪಿತು? ನೌಕರಿ ಸಿಕ್ಕಿತು, ಕಾರ್ಡ್ ಸಿಕ್ಕಿತು, ವೋಟು ಸಿಕ್ಕಿತು.

ಇದನ್ನೆಲ್ಲ ಕೇಳಿದ ಮೌಲಾಸಾಬರು ಮೀಸೆಯಲ್ಲೇ ನಕ್ಕರು.

“ಹಂಗಾರ ನಿಮಗೊಂದು ನಾ ಬರ್ಕೊಡ್ಲೇನ್ರಿ, ಬಾಯಾರ?”

ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಅವರು ಬರೆದುಕೊಟ್ಟಿದ್ದರೆ ಆ ಕೌಂಟರಿನಲ್ಲಿ ಅದು ನಡೆಯುತ್ತಿತ್ತೇ?